ಇರುವೆಗೆ ಯಾವ ಮದ್ದು: ಚಾಕ್, ಸ್ಪ್ರೇ, ಬೋರಿಕ್ ಪಾಕ, ಇಲ್ಲಾ ನೀರಿನ ಬಟ್ಟಲು?

ಪಂಚಮಿ ಬಂತೆಂದರೆ ನಮ್ಮ ಕಡೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಜತೆಗೆ ಅಳ್ಳಿಟ್ಟು, ತಂಬಿಟ್ಟು. ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಡಬ್ಬಿಗಳು ತುಂಬಿರುತ್ತವೆ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ನೆಲದೊಳಗಿನ ಗೂಡಿಗೆ ನೀರು ಇಳಿದು ಇರುವೆಗಳೂ ಬೆಚ್ಚಗಿನ ಒಣ ಜಾಗ ಹುಡುಕುತ್ತಿರುತ್ತವೆ. ಹೀಗಾಗಿ ಮನೆ ತುಂಬ ಸಿಹಿ ಇರುವ ವಾರವೇ ಇರುವೆ ಒಳಗೆ ಬರುವ ವಾರ.

ಧಾರವಾಡದ ನಮ್ಮ ಮನೆ ಹಳೆಯದು, ಪರಸಿ ಕಲ್ಲಿನ ನೆಲ. ಎರಡು ವರ್ಷದ ಹಿಂದೆ ಪಂಚಮಿ ಹಿಂದಿನ ದಿನ ಬೆಳಿಗ್ಗೆ ಡಬ್ಬಿ ಮುಚ್ಚಳ ತೆಗೆದರೆ ಉಂಡಿಯ ಮೇಲೆಲ್ಲ ಸಣ್ಣ ಕೆಂಪಿರುವೆ. ಸಾಲು ಹಿಡಿದು ಹಿಂದೆ ಹೋದೆ. ಪರಸಿಯ ಸಂದಿಯಿಂದ ಹೊರಟು, ಅಡುಗೆ ಕಟ್ಟೆಯ ಮೂಲೆ ಹತ್ತಿ, ಗ್ಯಾಸ್ ಪೈಪಿನ ಮೇಲೆ ನಡೆದು, ಡಬ್ಬಿ ಮುಚ್ಚಳದ ಸುರುಳಿಯಲ್ಲಿ ಇಳಿದಿದ್ದವು. ತಕ್ಷಣ ಚಾಕ್ ಗೆರೆ ಎಳೆದೆ. ಮೂರನೇ ದಿನ ಅದೇ ಇರುವೆ ಬಚ್ಚಲ ಕಡೆಯಿಂದ ಬಂದವು. ಸ್ಪ್ರೇ ಹೊಡೆದೆ. ದೇವರ ಮನೆಯ ಸ್ವಿಚ್ ಬೋರ್ಡಿನಿಂದ ಇನ್ನೊಂದು ಸಾಲು ಹೊರಟಿತು. ಕೊನೆಗೆ ಔಷಧ ಹೊಡೆಯುವವರನ್ನು ಕರೆಸಿದೆ. ಅವರು ಯಾವ ಇರುವೆ, ಎಲ್ಲಿಂದ ಬರುತ್ತವೆ ಎಂದು ಕೇಳಲೇ ಇಲ್ಲ. ಗೋಡೆ ಬುಡಕ್ಕೆಲ್ಲ ಹೊಡೆದು ಹೋದರು. ಹದಿನೈದು ದಿನಕ್ಕೆ ಮತ್ತೆ ಮೊದಲಿನ ಹಾಗೇ.

ಆಗ ಗೊತ್ತಾಗಿದ್ದು ಒಂದೇ ಮಾತು. ಕಣ್ಣಿಗೆ ಕಾಣುವ ಸಾಲು ಮೇವಿಗೆ ಬಂದದ್ದು, ಅಷ್ಟೇ. ರಾಣಿ, ಮೊಟ್ಟೆ, ಮರಿ ಎಲ್ಲ ಗೂಡಿನಲ್ಲೇ ಇರುತ್ತವೆ. ಸಾಲಿನಲ್ಲಿ ಎಷ್ಟು ಸತ್ತರೂ ಗೂಡು ಅಷ್ಟನ್ನು ಮತ್ತೆ ಹುಟ್ಟಿಸುತ್ತದೆ. ಆದ್ದರಿಂದ ಯಾವ ಮದ್ದು ತರುವ ಮುಂಚೆಯೂ ಕೇಳಬೇಕಾದ ಪ್ರಶ್ನೆ: ಇದು ಗೂಡಿನ ತನಕ ಹೋಗುತ್ತಾ, ಇಲ್ಲಾ ಸಾಲನ್ನು ಮಾತ್ರ ತಡೆಯುತ್ತಾ? ಎರಡಕ್ಕೂ ಬೆಲೆ ಇದೆ. ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಮೊದಲು ಇರುವೆ ಯಾವುದು ನೋಡಿ

ಅಂಗಡಿಗೆ ಹೋಗುವ ಮುಂಚೆ ಹತ್ತು ನಿಮಿಷ ಕೂತು ನೋಡಿದರೆ ಅರ್ಧ ಕೆಲಸ ಆದಂತೆ.

ಎರಡು ಮಿಲಿಮೀಟರ್ ಉದ್ದದ, ಹಳದಿ ಮಿಶ್ರಿತ ಕೆಂಪಿನ ಸಣ್ಣ ಇರುವೆ ಫರೋ ಇರುವೆ ಇರಬಹುದು. ತಲೆ ಕಪ್ಪಗಿದ್ದು ಹಿಂಭಾಗ ಬಿಳಿಚಿಕೊಂಡು, ಬಿಳಿ ಟೈಲ್ಸ್ ಮೇಲೆ ಸರಿಯಾಗಿ ಕಾಣಿಸದೇ ಹೋಗುವ ಇರುವೆ ಇನ್ನೊಂದು ಜಾತಿ. ಈ ಎರಡೂ ಗೋಡೆ ಬಿರುಕು, ಬಾಗಿಲ ಚೌಕಟ್ಟು, ಸ್ವಿಚ್ ಬೋರ್ಡ್ ಒಳಗೆ ಗೂಡು ಕಟ್ಟುತ್ತವೆ. ಒಂದೊಂದು ಗೂಡಿನಲ್ಲಿ ಹಲವು ರಾಣಿಗಳು ಇರುತ್ತವೆ. ಇವಕ್ಕೆ ಸ್ಪ್ರೇ ಹೊಡೆದರೆ ಗೂಡು ಒಡೆದು ಎರಡು ಮೂರಾಗಿ ಮನೆಯಲ್ಲಿ ಬೇರೆ ಬೇರೆ ಕಡೆ ನೆಲೆ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಆಗಿದ್ದು ಇದೇ.

ಉದ್ದ ಕಾಲಿನ ಕರಿ ಇರುವೆ, ದಿಕ್ಕು ತಪ್ಪಿದಂತೆ ಅತ್ತಿತ್ತ ಓಡುತ್ತದೆಯಲ್ಲ, ಅದರ ಗೂಡು ಹೆಚ್ಚಾಗಿ ಹೊರಗೇ ಇರುತ್ತದೆ. ಕುಂಡದ ಕೆಳಗೆ, ಇಟ್ಟಿಗೆ ರಾಶಿಯಲ್ಲಿ, ಕಾಂಪೌಂಡ್ ಬುಡದಲ್ಲಿ. ಗೊದ್ದ ಎಂದು ಕರೆಯುವ ದೊಡ್ಡ ಕರಿ ಇರುವೆ ಮಣ್ಣಿನಲ್ಲಿ, ಮರದ ಬುಡದಲ್ಲಿ ಇರುತ್ತದೆ. ಅಡುಗೆ ಮನೆಗೆ ಒಂದೆರಡು ದಾರಿ ತಪ್ಪಿ ಬಂದರೆ ಹೊರಗೆ ಬಿಟ್ಟರೆ ಸಾಕು. ಇನ್ನು ಅಂಗಳದ ಮಣ್ಣಿನಲ್ಲಿರುವ ಕಚ್ಚುವ ಕೆಂಪಿರುವೆ. ಕಾಲಿಟ್ಟರೆ ಉರಿ ಏಳುತ್ತದೆ, ಗುಳ್ಳೆ ಬರುತ್ತದೆ. ಮಕ್ಕಳು ಆಡುವ ಜಾಗದಲ್ಲಿ ಇದ್ದರೆ ಬಿಡುವ ಹಾಗಿಲ್ಲ.

ಮಣ್ಣೂ ಲೆಕ್ಕಕ್ಕೆ ಬರುತ್ತದೆ. ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ, ಗದಗ ಕಡೆ ಎರೆ ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಹಾಗಾಗಿ ಮನೆಯ ಬುಡದಲ್ಲಿ, ನೆಲದಲ್ಲಿ ಪ್ರತಿ ವರ್ಷ ಹೊಸ ಬಿರುಕು. ಹೋದ ವರ್ಷ ಸಂದಿ ತುಂಬಿಸಿದ್ದೇವೆ ಎಂದು ಈ ವರ್ಷ ಸುಮ್ನೆ ಕೂರುವಂತಿಲ್ಲ.

ಇನ್ನೊಂದು ಪರೀಕ್ಷೆ. ಒಂದು ರಟ್ಟಿನ ತುಂಡಿನ ಒಂದು ತುದಿಗೆ ಬೆಲ್ಲದ ನೀರಿನ ಹನಿ, ಇನ್ನೊಂದು ತುದಿಗೆ ಅರೆದ ಶೇಂಗಾ ಇಟ್ಟು ಸಾಲಿನ ಪಕ್ಕದಲ್ಲಿಡಿ. ಅರ್ಧ ಗಂಟೆ ಬಿಟ್ಟು ಯಾವುದಕ್ಕೆ ಜಾಸ್ತಿ ಹತ್ತಿವೆ ನೋಡಿ. ಮುಂದೆ ಪಾಕ ಮಾಡುವಾಗ ಇದು ಬೇಕಾಗುತ್ತದೆ.

ಮೊದಲ ಮಳೆಗೆ ರೆಕ್ಕೆ ಹುಳು ಎದ್ದರೆ ಅವು ಇರುವೆಯೋ ಗೆದ್ದಲೋ ನೋಡುವುದೂ ಮುಖ್ಯ. ಇರುವೆಗೆ ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಮಡಚಿರುತ್ತದೆ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದ. ಗೆದ್ದಲಿಗೆ ಸೊಂಟವೇ ಇಲ್ಲ, ಮೀಸೆ ನೆಟ್ಟಗೆ, ನಾಲ್ಕೂ ರೆಕ್ಕೆ ಒಂದೇ ಅಳತೆ. ಗೆದ್ದಲಾದರೆ ಇಲ್ಲಿ ಹೇಳುವ ಯಾವ ಮದ್ದೂ ಸಾಲದು. ಅದಕ್ಕೆ ತಿಳಿದವರನ್ನೇ ಕರೆಸಬೇಕು.

ಕೊಲ್ಲದೆ ತಡೆಯುವುದು

ನಮ್ಮವ್ವನ ಊರು ಹಾವೇರಿ ಕಡೆ. ಅವತ್ತು ನಾನು ಚಾಕ್ ಹಿಡಿದು ಕೂತಾಗ ಅವ್ವ ಅಂದಳು: "ಅವಕ್ಕೂ ಪಂಚಮಿ ಐತಲ್ಲವಾ. ಕೊಲ್ಲಬ್ಯಾಡ, ದಾರಿ ತಪ್ಪಿಸು." ಅವಳು ದಿನಾ ಬೆಳಿಗ್ಗೆ ಬಾಗಿಲಿಗೆ ಹಿಟ್ಟಿನ ರಂಗೋಲಿ ಹಾಕುವವಳು, ಇರುವೆ ತಿನ್ನಲಿ ಎಂದೇ. ನಮ್ಮಲ್ಲಿ ಇಂಥ ಮನೆಗಳು ಬಹಳ. ಕೊಲ್ಲಲು ಮನಸ್ಸಿಲ್ಲದವರಿಗೆ ದಾರಿಯೇ ಇಲ್ಲ ಎಂದುಕೊಳ್ಳಬೇಡಿ, ಒಳ್ಳೆಯ ದಾರಿ ಇದೆ.

ನೀರಿನ ಬಟ್ಟಲು ಎಲ್ಲಕ್ಕಿಂತ ಹಳೆಯದು, ಈಗಲೂ ಅಷ್ಟೇ ಗಟ್ಟಿ. ಅಗಲದ ತಾಟಿನಲ್ಲಿ ನೀರು ಹಾಕಿ ನಡುವೆ ಒಂದು ಬಟ್ಟಲು ಬೋರಲು ಇಟ್ಟು ಅದರ ಮೇಲೆ ಡಬ್ಬಿ ಇಡಿ. ಕಪಾಟಿನ ಕಾಲಿಗೂ ಹೀಗೇ ಬಟ್ಟಲಿಡಬಹುದು. ಮೂರು ಮಾತು ನೆನಪಿರಲಿ. ಡಬ್ಬಿಯಾಗಲಿ ಕಪಾಟಾಗಲಿ ಗೋಡೆಗೆ ತಾಗಬಾರದು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಬೇಕು, ಇಲ್ಲವಾದರೆ ಹಗುರ ಇರುವೆ ನೀರಿನ ಮೇಲೇ ದಾಟಿಬಿಡುತ್ತದೆ. ಮತ್ತೆ ವಾರಕ್ಕೆ ಎರಡು ಸಲ ನೀರು ಚೆಲ್ಲಿ ಬಟ್ಟಲು ಉಜ್ಜಬೇಕು. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಒಂದು ವಾರ, ಹತ್ತು ದಿನದಲ್ಲೇ ಬೆಳೆದು ಹಾರುತ್ತದೆ. ನೀರು ಹಿಡಿದಿಡುವ ಡ್ರಮ್ಮುಗಳೇ ತುಂಬಿರುವ ಮನೆಯಲ್ಲಿ ಇನ್ನೊಂದು ಸೊಳ್ಳೆ ತೊಟ್ಟಿಲು ಬೇಡ, ಅಲ್ವಾ?

ಇದರ ಜತೆಗೆ ದಾರಿ ಅಳಿಸಬೇಕು. ಮುಂದೆ ಹೋದ ಇರುವೆ ಬಿಟ್ಟ ವಾಸನೆ ಹಿಡಿದು ಹಿಂದಿನವು ಬರುತ್ತವೆ. ಸುಮ್ನೆ ಒದ್ದೆ ಬಟ್ಟೆಯಿಂದ ಒರೆಸಿದರೆ ಆ ವಾಸನೆ ಪೂರ್ತಿ ಹೋಗದು. ಸೋಪಿನ ನೀರಿನಲ್ಲಿ ಉಜ್ಜಿ ಒರೆಸಿ, ಸಾಲು ಇದ್ದ ಉದ್ದಕ್ಕೂ. ವಿನೆಗರ್ ಇದ್ದರೆ ಅದರಿಂದಲೂ ಆಗುತ್ತದೆ. ಗೊಂದಲಗೊಂಡ ಇರುವೆ ಸುತ್ತಿ ಸುತ್ತಿ ವಾಪಸ್ ಹೋಗುವುದನ್ನು ನೀವೇ ನೋಡಬಹುದು.

ಅರಿಶಿನ, ಇಂಗು, ಲವಂಗ, ಬೂದಿ: ಪುಡಿ ಒಣಗಿರುವಷ್ಟು ಹೊತ್ತು, ವಾಸನೆ ಇರುವಷ್ಟು ಹೊತ್ತು ತಡೆಯುತ್ತವೆ. ಬಾಗಿಲ ಹೊಸ್ತಿಲಿಗೆ, ಒಂದು ರಾತ್ರಿಯ ಮಟ್ಟಿಗೆ ಸಾಕು. ಮೆಣಸಿನ ಪುಡಿ ಹಾಕುವವರೂ ಇದ್ದಾರೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಅದನ್ನು ಮೂಲೆಗೆ ಸುರಿಯುವುದಕ್ಕಿಂತ ಸಾರಿಗೆ ಹಾಕುವುದು ಒಳ್ಳೆಯದು.

ರವೆ ತಿಂದರೆ ಇರುವೆ ಹೊಟ್ಟೆ ಉಬ್ಬಿ ಸಾಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಅದು ನಿಜವಲ್ಲ. ಬೆಳೆದ ಇರುವೆ ಗಟ್ಟಿ ಆಹಾರ ನುಂಗುವುದೇ ಇಲ್ಲ, ರಸವನ್ನಷ್ಟೇ ಹೀರುತ್ತದೆ. ಕಾಳನ್ನು ಗೂಡಿಗೆ ಹೊತ್ತು ಮರಿಗಳಿಗೆ ಕೊಡುತ್ತದೆ. ನೀವು ಚೆಲ್ಲಿದ ರವೆ ಅವಕ್ಕೆ ಊಟ, ಮದ್ದಲ್ಲ.

ಚಾಕ್ ಮತ್ತು ಸ್ಪ್ರೇ

ಕಿರಾಣಿ ಅಂಗಡಿಯಲ್ಲಿ ಸಿಗುವ ಚಾಕ್ ಅಗ್ಗ, ಸುಲಭ. ಅದಕ್ಕೇ ಎಲ್ಲರ ಕೈ ಮೊದಲು ಅದಕ್ಕೆ ಹೋಗುತ್ತದೆ. ಅದರಲ್ಲಿರುವುದು ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಜಾತಿಯ ವಿಷ. ಗೆರೆ ದಾಟಿದ ಇರುವೆ ಅಲ್ಲೇ ಒದ್ದಾಡಿ ಸಾಯುತ್ತದೆ. ಗೂಡಿಗೆ ವಿಷ ಹೋಗುವುದಿಲ್ಲ, ಯಾಕೆಂದರೆ ಹೊತ್ತೊಯ್ಯುವವರು ದಾರಿಯಲ್ಲೇ ಸತ್ತರು. ಒಂದು ಕಿಟಕಿ, ಒಂದು ಹೊಸ್ತಿಲು ಕಾಯಲು ಚಾಕ್ ಸರಿ. ನೆಲ ಒರೆಸಿದರೆ ಗೆರೆ ಹೋಯಿತು, ಮತ್ತೆ ಎಳೆಯಬೇಕು. ನನಗೆ ಚಾಕ್ ಬಗ್ಗೆ ಇರುವ ದೊಡ್ಡ ಭಯ ಬೇರೆ. ಅದು ನೋಡಲು ಶಾಲೆಯ ಬಳಪದ ಹಾಗೇ ಇರುತ್ತದೆ. ಅಂಬೆಗಾಲಿಡುವ ಕೂಸು ಗೆರೆಯ ಮೇಲೆ ಅಂಗೈ ಊರಿ ಅದೇ ಕೈ ಬಾಯಿಗೆ ಹಾಕುತ್ತದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ನೆಲದ ಮೇಲೆ ಚಾಕ್ ಬೇಡವೇ ಬೇಡ. ಪಾತ್ರೆ ಇಡುವ ಕಟ್ಟೆಯ ಮೇಲೂ ಬೇಡ.

ಸ್ಪ್ರೇ ಕೂಡ ಬಹುತೇಕ ಇದೇ ಜಾತಿಯದು. ಎದುರಿಗಿದ್ದವು ಸಾಯುತ್ತವೆ, ನೋಡಿದವರಿಗೆ ಕೆಲಸ ಆಯಿತು ಅನಿಸುತ್ತದೆ. ಹಲವು ರಾಣಿಯ ಸಣ್ಣ ಇರುವೆಗೆ ಇದು ಉಲ್ಟಾ ಹೊಡೆಯುತ್ತದೆ ಎಂದು ಆಗಲೇ ಹೇಳಿದೆ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಈ ವಿಷ ಮೀನಿಗೆ ಬಹಳ ಕೆಟ್ಟದ್ದು. ಬೆಕ್ಕಿಗೂ ಅಪಾಯ. ಅದರ ಮೈ ಇದನ್ನು ಬೇಗ ಕರಗಿಸಲಾರದು. ಸ್ವಿಚ್ ಬೋರ್ಡಿಗೆ ಸ್ಪ್ರೇ ಹೊಡೆಯುವುದಂತೂ ಬೆಂಕಿಗೆ, ಶಾಕ್‌ಗೆ ದಾರಿ. ನನ್ನ ಅಭಿಪ್ರಾಯ ಕೇಳಿದರೆ, ಮನೆಯೊಳಗಿನ ಇರುವೆಗೆ ಸ್ಪ್ರೇ ಕೊನೆಯ ಆಯ್ಕೆ.

ಬೋರಿಕ್ ಪಾಕ

ನಮ್ಮ ಮನೆಯಲ್ಲಿ ಕೊನೆಗೆ ಕೆಲಸ ಮಾಡಿದ್ದು ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೋರಿಕ್ ಆಸಿಡ್ ಬಿಳಿ ಪುಡಿ. ಹಿಂದೆ ಕೇರಂ ಬೋರ್ಡಿಗೆ ಹಾಕುತ್ತಿದ್ದದ್ದು ಇದೇ. ಈಗಿನ ಕೇರಂ ಪುಡಿಗಳಲ್ಲಿ ಕೆಲವು ಬರೀ ಪಿಷ್ಟ, ಆದ್ದರಿಂದ ಚೀಟಿ ಓದಿ ಬೋರಿಕ್ ಆಸಿಡ್ ಎಂದಿರುವುದನ್ನೇ ತನ್ನಿ. ಇದರ ಗುಣ ಎಂದರೆ ನಿಧಾನ. ಕುಡಿದ ಇರುವೆ ಕೂಡಲೇ ಸಾಯದೆ ಗೂಡಿಗೆ ಹೋಗುತ್ತದೆ, ಬಾಯಿಂದ ಬಾಯಿಗೆ ಉಳಿದವಕ್ಕೆ, ಮರಿಗೆ, ರಾಣಿಗೆ ಹಂಚುತ್ತದೆ.

ಅಳತೆ ಹೀಗೆ: ಒಂದು ದೊಡ್ಡ ಲೋಟ, ಅಂದರೆ ಸುಮಾರು 240 ಮಿಲಿ ಬಿಸಿ ನೀರು. 8 ಚಹಾ ಚಮಚ ಸಕ್ಕರೆ. ಅರ್ಧ ಚಹಾ ಚಮಚ ಬೋರಿಕ್. ಕರಗುವ ತನಕ ಕಲಕಬೇಕು. ಇದು ಶೇಕಡಾ 1ರ ಹತ್ತಿರ ಬರುತ್ತದೆ. "ಅರ್ಧ ಚಮಚ ಏನಾದೀತು, ಎರಡು ಹಾಕೋಣ" ಅನಿಸುತ್ತದೆ, ನನಗೂ ಅನಿಸಿತ್ತು. ಹಾಕಬೇಡಿ. ಜಾಸ್ತಿಯಾದರೆ ಇರುವೆ ಬಾಯಿ ಇಡುವುದಿಲ್ಲ, ಇಟ್ಟರೂ ದಾರಿಯಲ್ಲೇ ಸತ್ತು ಚಾಕ್ ಎಳೆದ ಹಾಗೇ ಆಗುತ್ತದೆ.

ಶೇಂಗಾಕ್ಕೆ ಹತ್ತಿದ ಇರುವೆಯಾದರೆ ಸಿಹಿ ನೀರು ಅಷ್ಟಾಗಿ ಹಿಡಿಸದು. ಶೇಂಗಾ ನುಣ್ಣಗೆ ಅರೆದು, ತುಸು ಬೆಲ್ಲ ಸೇರಿಸಿ, ಎರಡು ಚಮಚಕ್ಕೆ ಒಂದು ಸಣ್ಣ ಚಿಟಿಕೆ ಬೋರಿಕ್ ಕಲಸಿ ಇಡಿ.

ಹತ್ತಿಯನ್ನು ಪಾಕದಲ್ಲಿ ಅದ್ದಿ ಬಾಟಲಿ ಮುಚ್ಚಳದಲ್ಲಿಟ್ಟು ಸಾಲಿನ ಪಕ್ಕ, ಗೋಡೆಗೆ ಒತ್ತಿ ಇಟ್ಟೆ. ಹತ್ತು ನಿಮಿಷಕ್ಕೆ ಮುಚ್ಚಳದ ಅಂಚಿನ ಸುತ್ತ ತಲೆ ತಗ್ಗಿಸಿ ನಿಂತಿದ್ದವು, ಕೆರೆ ದಂಡೆಯಲ್ಲಿ ದನ ನೀರು ಕುಡಿದ ಹಾಗೆ. ಕುಡಿದು ಹಿಂದೆ ಸರಿದದ್ದರ ಹೊಟ್ಟೆ ಉಬ್ಬಿ ಹೊಳೆಯುತ್ತಿತ್ತು. ಎದುರು ಬಂದದ್ದರ ಜತೆ ಬಾಯಿಗೆ ಬಾಯಿ ಹಚ್ಚಿ ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಸಂದಿಯೊಳಗೆ ಇಳಿಯುತ್ತಿತ್ತು. ಸಂಜೆಗೆ ಸಾಲು ಮೂರು ಪಟ್ಟು ದಪ್ಪವಾಯಿತು. ಪಕ್ಕದ ಮನೆಯ ಅಕ್ಕ ಬಂದು, "ಇದೇನ್ರೀ, ಇರುವಿ ಸಾಕಾಕ್ಹತ್ತೀರೇನು?" ಅಂದರು. ಎಷ್ಟೋ ಜನ ಇಲ್ಲೇ ಹೆದರಿ ಸ್ಪ್ರೇ ತೆಗೆದುಕೊಳ್ಳುತ್ತಾರೆ. ಸಾಲು ದಪ್ಪವಾದದ್ದು ಒಳ್ಳೆಯ ಲಕ್ಷಣ, ಮುಟ್ಟಬೇಡಿ. ಆ ಹತ್ತಿರ ಚಾಕ್ ಬೇಡ, ಫಿನೈಲ್ ಬೇಡ, ಸಾಲು ಒರೆಸುವುದೂ ಬೇಡ. ಬೇರೆ ತಿಂಡಿ ಮಾತ್ರ ಮುಚ್ಚಿಡಿ.

ನಾಲ್ಕನೇ ದಿನ ಸಾಲು ತೆಳ್ಳಗಾಯಿತು. ಒಂದು ವಾರಕ್ಕೆ ಬಿಡಿ ಬಿಡಿಯಾಗಿ ಒಂದೊಂದು. ಪೂರ್ತಿ ನಿಲ್ಲಲು ಮೂರು ವಾರ ಹಿಡಿಯಿತು. ಎರಡು ಮೂರು ದಿನಕ್ಕೊಮ್ಮೆ ಪಾಕ ಬದಲಿಸುತ್ತಿದ್ದೆ, ಹುಳಿತದ್ದನ್ನು ಅವು ಮುಟ್ಟುವುದಿಲ್ಲ. ಅಂದರೆ ನಾಳೆಯೇ ನೆಂಟರು ಬರುತ್ತಾರೆ ಎನ್ನುವವರಿಗೆ ಇದು ಆಗದು. ಅವರಿಗೆ ಸೋಪಿನ ನೀರು, ನೀರಿನ ತಾಟೇ ಸರಿ.

ಬೋರಿಕ್ ಮನೆಮದ್ದು ಎಂದುಕೊಂಡು ಸಲಿಗೆ ಬೇಡ. ಅದೂ ವಿಷವೇ, ಅದರಲ್ಲೂ ಎಳೆ ಮಕ್ಕಳಿಗೆ. ಸಿಹಿ ಬೇರೆ ಇದೆ. ಮುಚ್ಚಳವನ್ನು ಬಿಡಿಯಾಗಿ ಇಡದೆ, ಹಳೆಯ ಪ್ಲಾಸ್ಟಿಕ್ ಡಬ್ಬಿಗೆ ಬಿಸಿ ಸೂಜಿಯಿಂದ ತೂತು ಮಾಡಿ ಅದರೊಳಗೆ ಹತ್ತಿ ಇಟ್ಟು ಮುಚ್ಚಿ. ಉಳಿದ ಪಾಕವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಹಾಕಲೇಬೇಡಿ. ಮೇಲೆ "ವಿಷ" ಎಂದು ದಪ್ಪಕ್ಕೆ ಬರೆದು ಕೈಗೆಟುಕದ ಕಡೆ ಇಡಿ. ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲು ಹೋಗದೆ, ಆ ಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ.

ಅಂಗಡಿಯ ಜೆಲ್ ಕೂಡ ಇದೇ ತತ್ವದ್ದು, ನಿಧಾನ ವಿಷದ ಮೇವು. ಸ್ವಿಚ್ ಬೋರ್ಡಿನ ಅಂಚು, ಕಪಾಟಿನ ಮೂಲೆಯಂಥ ಇಕ್ಕಟ್ಟಿನ ಜಾಗಕ್ಕೆ ಪಾಕಕ್ಕಿಂತ ಜೆಲ್ ಅನುಕೂಲ. ಆದರೆ ಸಿಗುವ ಜೆಲ್ ಹೆಚ್ಚಿನವು ಜಿರಳೆಗೆ ಮಾಡಿದವು. ಚೀಟಿಯಲ್ಲಿ ಇರುವೆ ಎಂದು ಬರೆದಿದ್ದರೆ ಮಾತ್ರ ದುಡ್ಡು ಕೊಡಿ.

ಹೊರಗಿನ ಇರುವೆ

ದಾಸವಾಳದ ಗಿಡಕ್ಕೆ ಗೊದ್ದ ಹತ್ತಿದರೆ ಇರುವೆಗೆ ಮದ್ದು ಹುಡುಕಬೇಡಿ, ಎಲೆಯ ಅಡಿ ತಿರುಗಿಸಿ ನೋಡಿ. ಬಿಳಿ ಹತ್ತಿಯಂಥ ಹಿಟ್ಟು ತಿಗಣೆಯೋ ಸಸ್ಯಹೇನೋ ಇರುತ್ತದೆ. ಅವು ಸ್ರವಿಸುವ ಸಿಹಿ ರಸಕ್ಕೆ ಇರುವೆ ಬಂದಿದೆ, ಆ ಹುಳುಗಳನ್ನು ಕಾಯುವುದೂ ಅದೇ. ರಭಸದ ನೀರಿನಿಂದ ಗಿಡ ತೊಳೆದು, ತೆಳು ಸೋಪಿನ ನೀರು ಸಿಂಪಡಿಸಿದರೆ ರಸ ನಿಂತು ಇರುವೆಯೂ ಹೋಗುತ್ತದೆ. ಮಾವಿನ ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಚಗಳಿಯನ್ನು ಆದಷ್ಟು ಬಿಟ್ಟುಬಿಡಿ. ಕಚ್ಚುತ್ತದೆ ನಿಜ, ಆದರೆ ಮರದ ಎಷ್ಟೋ ಕೀಟಗಳನ್ನು ಅದೇ ತಿನ್ನುತ್ತದೆ.

ಅಂಗಳದ ಕಚ್ಚುವ ಕೆಂಪಿರುವೆಗೆ ಕುದಿಯುವ ನೀರು ಒಂದು ದಾರಿ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮರಿಗಳು ಮೇಲಕ್ಕೆ ಬಂದಿರುತ್ತವೆ, ಆಗ ಒಂದು ದೊಡ್ಡ ಕೊಡ ನೀರನ್ನು ನಿಧಾನಕ್ಕೆ ಸುರಿಯಬೇಕು. ಒಂದೇ ಸಲಕ್ಕೆ ಪೂರ್ತಿ ಸಾಯುವುದು ಕಡಿಮೆ, ಎರಡು ಮೂರು ಸಲ ಬೇಕು. ಹತ್ತಿರ ಗಿಡದ ಬೇರು ಇದ್ದರೆ ಅದೂ ಬೆಂದು ಹೋಗುತ್ತದೆ. ಕೈಕಾಲು ಸುಟ್ಟುಕೊಳ್ಳದಂತೆ ಹುಷಾರು.

ಹೊಲದ ಮನೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಹೊಲಕ್ಕೆ ತಂದು ಉಳಿದ ಔಷಧವನ್ನು ಮನೆಯ ಇರುವೆಗೆ ಹಾಕಬೇಡಿ. ಗ್ಯಾಮಾಕ್ಸಿನ್ ಎಂದು ಕರೆಯುತ್ತಿದ್ದ ಬಿಎಚ್‌ಸಿ ಪುಡಿ 1997ರಲ್ಲೇ ನಿಷೇಧವಾಗಿದೆ. ಮೀಥೈಲ್ ಪ್ಯಾರಾಥಿಯಾನ್ 2018ರಲ್ಲಿ ನಿಂತಿತು. ಫೋರೇಟ್ ಹರಳು, ಡೈಕ್ಲೋರ್ವಾಸ್ ಎರಡೂ 2020ರ ಕೊನೆಗೆ ನಿಂತವು. ಇವು ಹಳೆಯ ಡಬ್ಬಿಗಳಲ್ಲಿ ಅಟ್ಟದ ಮೇಲೆ ಇನ್ನೂ ಇರುತ್ತವೆ. ಯಾವ ಕೀಟನಾಶಕ ಕೊಂಡರೂ ಡಬ್ಬಿಯ ಮೇಲೆ ಓರೆಯಾಗಿ ನಿಂತ ಚೌಕ ನೋಡಿ. ಅದರ ಕೆಳಗಿನ ಅರ್ಧ ಕೆಂಪಿದ್ದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಕೆಂಪು, ಹಳದಿ ಮನೆಯೊಳಗೆ ಬರಲೇಬಾರದು. ಹೊಲದ ಇರುವೆ ಬಗ್ಗೆ ಕೇಳುವುದಿದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರದವರು ಇದ್ದಾರೆ, ಹುಳುವನ್ನು ಶೀಷೆಯಲ್ಲಿ ಹಿಡಿದುಕೊಂಡೇ ಹೋಗಿ.

ಯಾರಿಗೆ ಯಾವುದು

ಬಾಡಿಗೆ ಮನೆ, ತೆವಳುವ ಕೂಸು, ಇಲ್ಲಾ ಬೆಕ್ಕು ಇದ್ದರೆ: ಸೋಪಿನ ನೀರು, ನೀರಿನ ತಾಟು, ಗಾಳಿಯಾಡದ ಡಬ್ಬಿ. ಬೋರಿಕ್ ಇಡಲೇಬೇಕಾದರೆ ಮುಚ್ಚಿದ ಡಬ್ಬಿಯಲ್ಲಿ, ಕಟ್ಟೆಗಿಂತ ಮೇಲೆ.

ಅಪಾರ್ಟ್‌ಮೆಂಟಿನಲ್ಲಿ ಬಿಳಿಚು ಸಣ್ಣ ಇರುವೆ ಬಂದಿದ್ದರೆ ನಿಮ್ಮ ಮನೆಯೊಂದರಲ್ಲೇ ಮದ್ದಿಟ್ಟು ಉಪಯೋಗ ಕಡಿಮೆ. ಗೋಡೆ ಹಂಚಿಕೊಂಡ ಅಕ್ಕಪಕ್ಕದವರೂ ಅದೇ ವಾರ ಪಾಕವೋ ಜೆಲ್ಲೋ ಇಡಬೇಕು. ಮಿಠಾಯಿ ಅಂಗಡಿ, ಪೇಡೆ ಮಾಡುವ ಮನೆಯಂಥ ಕಡೆ ನೀವೇ ಪ್ರಯೋಗ ಮಾಡದೆ ಪರವಾನಗಿ ಇರುವವರನ್ನು ಕರೆಸಿ. ಕೀಟ ನಿಯಂತ್ರಣ ಮಾಡುವವರಿಗೆ ಸರ್ಕಾರದ ಪರವಾನಗಿ ಬೇಕೇ ಬೇಕು, ಅದನ್ನು ಕೇಳಿ ನೋಡಿ. ಬಂದವರು ಮೊದಲು ಸಾಲು ಹುಡುಕಿ ಇರುವೆ ನೋಡುತ್ತಾರಾ, ಮೇವು ಇಡುತ್ತಾರಾ, ಇಲ್ಲಾ ಬಂದವರೇ ಪಂಪ್ ಎತ್ತುತ್ತಾರಾ, ಅದರ ಮೇಲೆ ನಿರ್ಧರಿಸಿ. ನಾನು ಅವತ್ತು ಇದನ್ನು ಕೇಳಬೇಕಿತ್ತು.

ಪರಸಿ ನೆಲದ ಹಳೆಯ ಮನೆಗೆ ಪಾಕ, ಆಮೇಲೆ ವೈಟ್ ಸಿಮೆಂಟ್. ಈ ಕ್ರಮ ತಪ್ಪಬಾರದು. ಗೂಡು ಜೀವಂತ ಇರುವಾಗಲೇ ಸಂದಿ ಮುಚ್ಚಿದರೆ ಅವು ಇನ್ನೊಂದು ಕೋಣೆಯಲ್ಲಿ ಬಾಗಿಲು ತೆರೆಯುತ್ತವೆ. ಸಾಲು ನಿಂತು ಎರಡು ವಾರ ಆದ ಮೇಲೆ, ಹಳೆಯ ಸುಣ್ಣ ಕೆರೆದು ತೆಗೆದು, ಸಂದಿ ಒಣಗಿಸಿ ತುಂಬಿಸಿ. ನಾವು ಈಗ ಇದನ್ನು ಮೇ ತಿಂಗಳಲ್ಲಿ, ರೋಹಿಣಿ ಮಳೆಗೆ ಮುಂಚೆ ಮಾಡಿ ಮುಗಿಸುತ್ತೇವೆ. ಉಂಡಿ ಡಬ್ಬಿ ಮಾತ್ರ ಈಗಲೂ ನೀರಿನ ತಾಟಿನಲ್ಲೇ. ಬಾಗಿಲ ಹೊರಗೆ ಅವ್ವನ ಹಿಟ್ಟಿನ ರಂಗೋಲಿ, ಅದರ ಸುತ್ತ ಕರಿ ಇರುವೆ. ಅವುಗಳಿಗೆ ನಾನು ಏನೂ ಮಾಡುವುದಿಲ್ಲ.